ಸ್ಥಳ ಬರೆಯದ ಹತ್ತು ಫಾರಂ

ದೋಣಿ ಕ್ಲಬ್ಬಿನ ಹಿಂಬದಿ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಗಣಿಯ ಧೂಳಿಗೆ ಕೆಮ್ಮು ಬಂದಿದೆ ಎಂದಿದ್ದೆ, ಕಡಿಮೆಯಾಯಿತೆ? ಫೋನ್ ಸಿಗದ ಜಾಗಕ್ಕೆ ಹೋಗಿ ಕುಳಿತಿದ್ದೀಯ, ನಿನ್ನ ಕೆಮ್ಮು ವಿಚಾರಿಸುವುದಕ್ಕೂ ನನಗೆ ಕಾಗದವೇ ಗತಿ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಅತ್ತಿಗೆ ಹೋದ ಮೇಲೆ ಮಾತೇ ಬಿಟ್ಟಿದ್ದ ಹುಡುಗಿ, ಈಗ ಊಟಕ್ಕೆ ಕೂತರೆ ದೋಣಿಯದ್ದೇ ಪುರಾಣ. ಹದಿನಾರು ತುಂಬುವ ಮೊದಲೇ ನನಗಿಂತ ಒಂದು ಗೇಣು ಎತ್ತರ. ನಾನು ಲೈಫ್ ಜಾಕೆಟ್ ಒಗೆದು ಒಣಗಿಸುವ ಕ್ಲಬ್ಬಿಗೇ ಅವಳೂ ಸೇರಿದ್ದಾಳೆ, ಕೆಲಸಕ್ಕಲ್ಲ, ಆಟಕ್ಕೆ. ಅವಳು ಕೆರೆಯಲ್ಲಿ ಹುಟ್ಟು ಹಾಕುವುದನ್ನು ನೋಡಿದರೆ ನಿನಗೂ ಹೆಮ್ಮೆಯಾದೀತು. ಬೇಡ ಎಂದರೆ, "ಅತ್ತೆ, ನೀನು ಬಕೆಟ್ ನೀರಿಗೂ ಹೆದರ್ತೀಯ" ಎನ್ನುತ್ತಾಳೆ.

ದೋಣಿ ಹೊರಟಾಗಲೆಲ್ಲ ಒಂದು ಫಾರಂ ಬೇಕು. ನೀರಿನಲ್ಲಿ ಏನಾದರೂ ಆದರೆ ಕ್ಲಬ್ ಹೊಣೆಯಲ್ಲ, ಅಪಾಯ ಗೊತ್ತಿದ್ದೇ ಕಳುಹಿಸುತ್ತಿದ್ದೇವೆ ಎಂದು ಬರೆದಿರುತ್ತದೆ. ದೊಡ್ಡವರು ತಾವೇ ಸಹಿ ಹಾಕುತ್ತಾರೆ, ಮಕ್ಕಳಿಗೆ ತಂದೆ ಹಾಕಬೇಕು. ಪ್ರತಿ ಸಲ ಯಾರು ಬರೆಯುತ್ತ ಕೂರುತ್ತಾರೆ ಎಂದು, ಇಲ್ಲಿ ವರ್ಷದ ಆರಂಭದಲ್ಲೇ ಹತ್ತು ಫಾರಂಗಳಿಗೆ ಸಹಿ ಮಾಡಿಸಿಕೊಳ್ಳುವುದು ರೂಢಿ. ಸ್ಥಳ, ತಾರೀಕು ಖಾಲಿ. ಆಮೇಲೆ ಕ್ಲಬ್ಬಿನ ಕ್ಯಾಪ್ಟನ್ ತುಂಬುತ್ತಾರೆ. ಅವಳ ಹತ್ತಕ್ಕೂ ನಿನ್ನ ಸಹಿ ನಾನೇ ಹಾಕಿದೆ, ಅಣ್ಣಾ. ಶಾಲೆಯ ಅಂಕಪಟ್ಟಿಗೆ ಹಾಕುತ್ತಿದ್ದೆನಲ್ಲ, ಅದೇ ಕೈ. ಕೆರೆ ತಾನೆ, ಎದೆಮಟ್ಟದ ನೀರು ಎಂದುಕೊಂಡೆ. ಈ ಭಾನುವಾರ ಎಲ್ಲಿಗೆ ಹೋಗುವುದೆಂದು ಮಾತ್ರ ಯಾರೂ ಬಾಯಿ ಬಿಡುತ್ತಿಲ್ಲ.

ಹೋದ ವರ್ಷ ನಡೆದದ್ದನ್ನು ನಿನಗೆ ಬರೆದಿರಲಿಲ್ಲ. ಕ್ಲಬ್ಬಿನ ಆಚೆಗೆ ನದಿಗೆ ಅಡ್ಡ ಕಟ್ಟಿದ ಒಂದು ಒಡ್ಡು ಇದೆ. ಅದರ ಕೆಳಗೆ ನೀರು ಬಿದ್ದಲ್ಲೇ ಸುತ್ತಿ, ಹೊರಬರಲು ಹೊರಟವರನ್ನು ಹಿಂದಕ್ಕೆ ಎಳೆಯುತ್ತದೆ. ಮೇಲಿನಿಂದ ನೋಡಿದರೆ ಮಲಗಿದ ಬೆಕ್ಕಿನಷ್ಟು ಸಾಧು. ಕ್ಲಬ್ಬಿನ ಸದಸ್ಯರೊಬ್ಬರು, ಕನ್ನಡಕದ ಅಂಗಡಿಯವರು, ಅಲ್ಲಿ ಸಿಕ್ಕಿಕೊಂಡರೆಂದು ಒಬ್ಬ ಓಡಿ ಬಂದ. ನಾನು ಹಗ್ಗ ತರಲು ಎದ್ದೆ. ಕ್ಯಾಪ್ಟನ್ ಬೀರುವಿನ ಬೀಗ ತೆಗೆದು, "ಮೊದಲು ಅವರ ಫಾರಂ ಇದೆಯಾ ನೋಡಮ್ಮ" ಎಂದರು. ಇತ್ತು. ನಿಂತಲ್ಲೇ ಸ್ಥಳ ತುಂಬಿದರು. ಆಮೇಲೆ ಹಗ್ಗ ಹೋಯಿತು, ಅಷ್ಟರಲ್ಲಿ ತಡವಾಗಿತ್ತು. ಅವರ ಜಾಕೆಟ್ ನಾನೇ ಒಗೆದೆ. ಬಕಲ್ ಹಾಕಿದ ಹಾಗೇ ಇತ್ತು.

ಇರಲಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆನ್ನಿಗೆ ಬಿಸಿನೀರಿನ ಕಾವು ಕೊಡು. ನಮ್ಮಿಬ್ಬರ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ ತಂಗಿ

ಮತ್ತೆ: ಕಾಗದ ಮಡಿಸುವಷ್ಟರಲ್ಲಿ ಕ್ಯಾಪ್ಟನ್ ಭಾನುವಾರದ ಫಾರಂಗಳನ್ನು ಮೇಜಿನ ಮೇಲಿಟ್ಟು ಹೋದರು. ನಿನ್ನ ಸಹಿಯ ಮೇಲೆ, ಸ್ಥಳದ ಸಾಲಿನಲ್ಲಿ, ಒಡ್ಡು ಎಂದಿದೆ. ಹಿಂದೆಯೇ ಹೋಗಿ ಸಹಿ ನನ್ನದೆಂದು ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ತಂದೆ ಬಂದು ಹೇಳಲಿ, ಹರಿದು ಹಾಕ್ತೀನಿ. ಅಲ್ಲೀವರೆಗೂ ಇದು ಅವರದೇ ಸಹಿ" ಎಂದರು. ನಿನ್ನ ಮಗಳಿಗೆ ಹೋಗಬೇಡವೆಂದರೆ ನಕ್ಕಳು. ಗಣಿಗೆ ಸಾಮಾನು ತರುವ ಲಾರಿ ನಾಳೆ ಈ ಕಾಗದದೊಂದಿಗೆ ನಿನ್ನಲ್ಲಿಗೆ ಬಂದು ಸಂಜೆಯೇ ಹಿಂದಿರುಗುತ್ತದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ದೋಣಿಗಳು ಹೊರಡುತ್ತವೆ. ಈ ಕೊನೆಯ ಭಾಗವನ್ನೇ ನಿನಗೆ ಮೊದಲು ಓದಿಸಬೇಕೆಂದು ಡ್ರೈವರಿಗೆ ಹೇಳಿದ್ದೇನೆ. ಓದಿದ ಕೂಡಲೇ ಅವನ ಪಕ್ಕ ಹತ್ತಿ ಕೂತುಕೋ. ಮೇಲಿನದ್ದನ್ನು ದಾರಿಯಲ್ಲಿ ಓದು.