ತುದಿಯಲ್ಲಿ ನಿಂತ ಅಲೆ

ಮಾಗಡಿ
೯ ಮಾರ್ಚ್ ೨೦೦೫

ಪ್ರೀತಿಯ ರುದ್ರಪ್ರಸಾದರಿಗೆ ಶಾಂಭವಿಯ ನೆನಪುಗಳು.

ಜಪಾನಿನ ಚಳಿ ಒಸಿ ತಗ್ಗಿತೇ? ಕೆಮ್ಮು ಹೇಗಿದೆ? ಬರೀ ಬ್ರೆಡ್ಡು ತಿಂದು ಮಲಗಬೇಡಿ, ಒಂದು ಹಿಡಿ ಅನ್ನ ಬೇಯಿಸಿಕೊಳ್ಳಿ. ಪಾಪು ಚೆನ್ನಾಗಿದ್ದಾಳೆ. ನೀರು ಹಾಕುವಾಗ ಬೀದಿಗೆಲ್ಲ ಕೇಳುವಂತೆ ಕಿರುಚಿ, ಸಾಂಬ್ರಾಣಿ ಹೊಗೆ ಹಿಡಿಯುವ ಹೊತ್ತಿಗೆ ನಿದ್ದೆ ಹೋಗಿರುತ್ತಾಳೆ. ಹಣೆ ಥೇಟ್ ನಿಮ್ಮದೇ.

ಹೋದ ಪತ್ರದಲ್ಲಿ ನೀವು, ಕಾಂತದ ತುಂಡಿನಲ್ಲಿ ಬೇಡದ ಕಂಪನವೊಂದು ಕಾಣುತ್ತಿದೆ, ಅಂಚು ಕೆಟ್ಟಿರಬೇಕು, ಬಿಸಾಡಿ ಹೊಸದು ಮಾಡುತ್ತೇವೆ ಎಂದು ಬರೆದಿದ್ದಿರಲ್ಲ, ಅದು ನನ್ನ ತಲೆಯಿಂದ ಹೋಗಲಿಲ್ಲ. ಹೆರಿಗೆಗೆ ಬರುವಾಗ ನನ್ನ ಲ್ಯಾಬಿನಿಂದ ತಂದಿದ್ದ ಪ್ರೋಗ್ರಾಮಿಗೆ ನಿಮ್ಮ ತುಂಡಿನ ಅಳತೆಯನ್ನೇ ಕೊಟ್ಟು, ಮನೆಯ ಕಂಪ್ಯೂಟರಿನಲ್ಲಿ ಲೆಕ್ಕಕ್ಕೆ ಕೂತೆ. ಅಮ್ಮ ಬೈದರು. "ಹಸಿ ಬಾಣಂತಿ ಕಣ್ಣು ಆಯಾಸ ಮಾಡ್ಕಂಡ್ರೆ ಮುದುಕಿಯಾದ್ರೂ ತಲೆನೋವು ಬಿಡಾಕಿಲ್ಲ ಕಣೆ. ಅಂಥದ್ದೇನೈತೆ ಅದರಲ್ಲಿ?" ಹೇಳಿದೆ: ಕೂದಲಿಗಿಂತ ಎಷ್ಟೋ ಸಣ್ಣ ಕಾಂತ, ಅದರೊಳಗೆ ಅಲೆ ಏಳುತ್ತದೆ, ಅದು ತುಂಡಿನ ತುಂಬಾ ಹರಡುತ್ತದೋ ಒಂದೇ ಕಡೆ ನಿಲ್ಲುತ್ತದೋ ನೋಡಬೇಕು, ನಿಮ್ಮ ಅಳಿಯಂದಿರು ಅದನ್ನು ಕಸ ಅಂದುಕೊಂಡಿದ್ದಾರೆ. ಅಮ್ಮ ಪಾಪುವನ್ನು ನನ್ನ ತೊಡೆಯಿಂದ ಎತ್ತಿಕೊಂಡರು. "ಬಿಸಾಕ್ಬುಟ್ರೆ ಆಮೇಲೆ ಸಿಗ್ತದಾ? ಬಿರ್ನೆ ನೋಡು."

ಆದರೆ ಕರೆಂಟು! ಲೆಕ್ಕ ಅರ್ಧಕ್ಕೆ ಬರುವಷ್ಟರಲ್ಲಿ ಹೋಗುತ್ತದೆ, ಮತ್ತೆ ಮೊದಲಿಂದ. ಮೂರನೇ ಸಲ ನಾನು ಅತ್ತೇಬಿಟ್ಟೆ. ಅಪ್ಪ ತಮ್ಮ ಅಂಗಡಿಯ ಟೆಂಪೋ ಬ್ಯಾಟರಿ ಬಿಚ್ಚಿ ತಂದು ಯುಪಿಎಸ್‌ಗೆ ಜೋಡಿಸಿದರು. ಬಿಡದಿಯಲ್ಲಿ ಏಳುತ್ತಿರುವ ಹೊಸ ಕಾರ್ಖಾನೆಗೆ ಹೋಗಬೇಕಿದ್ದ ಸಿಮೆಂಟು ಅಂಗಡಿಯಲ್ಲೇ ಉಳಿಯಿತು. ಮೇಸ್ತ್ರಿ ಫೋನಿನಲ್ಲಿ ಕೂಗಾಡಿದ. "ನಾಳೆ ಕಳಿಸ್ತೀನಿ ಕಣಪ್ಪ, ಇವತ್ತು ಮಗಳ ಕೆಲಸ ಐತೆ" ಎಂದು ಅಪ್ಪ ಇಟ್ಟುಬಿಟ್ಟರು.

ಸಂಜೆಗೆ ಮುಗಿಯಿತು. ಯಾವ ದೋಷವೂ ಇಲ್ಲದ ತುಂಡಿನಲ್ಲೂ ಆ ಕಂಪನ ಬಂತು ರೀ! ಎರಡು ತುದಿಗಳಲ್ಲಿ ಒಳಗಿನ ಕಾಂತಕ್ಷೇತ್ರ ಕುಗ್ಗಿರುವುದರಿಂದ ಅಲೆ ಅಲ್ಲೇ ಉಳಿದು, ನಡುವಿನದಕ್ಕಿಂತ ನಿಧಾನವಾಗಿ ಆಡುತ್ತದೆ. ಅಂಚು ಕೆಟ್ಟಿಲ್ಲ. ಬಿಸಾಡಬೇಡಿ ಎಂದಷ್ಟೇ ಅಪ್ಪ ಸೈಬರ್ ಸೆಂಟರಿನಿಂದ ಮೇಲ್ ಮಾಡಿಸಿದ್ದಾರೆ. ಚಿತ್ರಗಳೆಲ್ಲ ಇದರ ಜೊತೆಗಿರುವ ಸಿ.ಡಿ.ಯಲ್ಲಿವೆ.

ಅಪ್ಪ ಅಮ್ಮನ ಆಶೀರ್ವಾದ, ಪಾಪುವಿನ ಒಂದು ಮುತ್ತು.

ನಿಮ್ಮ
ಶಾಂಭವಿ

ತಾ.ಕ. ಮರೆತು ಕೊನೆಗೆ ಬರೆಯುತ್ತಿಲ್ಲ, ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ನಿಮ್ಮ ಹಿಂದಿನ ಲೇಖನದ ಲೆಕ್ಕವೂ ನಾನೇ ಮಾಡಿದ್ದು. ಕೊನೆಯ ಸಾಲಿನಲ್ಲಿ 'ನನ್ನ ಪತ್ನಿಯ ನೆರವಿಗೆ ವಂದನೆ' ಎಂದು ಹಾಕಿದ್ದಿರಿ. ಈ ಸಲ ವಂದನೆ ಬೇಡ. ಲೇಖನದ ಮೇಲೆ, ನಿಮ್ಮ ಹೆಸರಿನ ಪಕ್ಕದಲ್ಲಿ, ನನ್ನ ಹೆಸರಿರಲಿ. ಪಾಪುವನ್ನು ಅಮ್ಮ ನೋಡಿಕೊಳ್ಳುತ್ತಾರೆ, ಜೂನಿಗೆ ಲ್ಯಾಬಿಗೆ ವಾಪಸ್ಸು ಹೋಗುತ್ತೇನೆ. ಬರಿಗೈಯಲ್ಲಿ ಹೋಗಲಾರೆ.