ಒಂದೂವರೆ ಮಿಲಿಮೀಟರ್

ಫೆಬ್ರವರಿ 2, ಬೆಳಿಗ್ಗೆ 6.20

ಅಕ್ಕನ ಬೈಕಿನ ಹಿಂದಿನ ಚಕ್ರದ ಸ್ಪ್ರಾಕೆಟ್ ಬದಲಾಯಿಸಿ ಆಯ್ತು. ನಲವತ್ತೆಂಟು ಹಲ್ಲಿತ್ತು, ಈಗ ಐವತ್ತೆರಡು. ಚೈನಿಗೆ ಎರಡು ಕೊಂಡಿ ಸೇರಿಸಿದೆ. ಶೆಡ್ಡಿನ ಹಿಂದಿನ ಏರಿನಲ್ಲಿ ಮೂರು ಸಲ ಹತ್ತಿಸಿ ನೋಡಿದೆ. ಏನೂ ಇಲ್ಲ. ಗೇರು ಬೇಗ ಮುಗಿಯುತ್ತದೆ, ಕಿರುಚಾಟ ಬೇಗ ಶುರುವಾಗುತ್ತದೆ, ಅಷ್ಟೆ. ನಿಧಾನದಲ್ಲಿ ಅದೇ ಸತ್ತ ಎಂಜಿನ್. ಥ್ರಾಟಲ್ ತಿರುಗಿಸಿದರೆ ‘ಬ್ವಾ...’ ಅನ್ನುತ್ತದೆ, ಯೋಚನೆ ಮಾಡುತ್ತದೆ, ಆಮೇಲೆ ಒಮ್ಮೆಲೇ ಹುಚ್ಚು ಹಿಡಿದ ಹಾಗೆ ನೆಗೆಯುತ್ತದೆ.

ಅಕ್ಕನಿಗೆ ನೆಗೆತ ಬೇಡ. ಎಳೆತ ಬೇಕು. ಹೋದ ವರ್ಷ ದಿಣ್ಣೆ ಹತ್ತುವ ಬೈಕ್ ಸ್ಪರ್ಧೆಯಲ್ಲಿ ಬಿದ್ದಾಗಿನಿಂದ ಅವಳ ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಟೂ-ಸ್ಟ್ರೋಕ್ ಗಾಡಿ ನಿಧಾನದಲ್ಲಿ ಸುಸ್ತಾದರೆ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಎಬ್ಬಿಸಬೇಕು. ಅದು ಅವಳ ಕೈಲಿ ಇನ್ನು ಆಗದು. ಗಾಡಿಯೇ ತಳದಿಂದ ಎಳೆಯಬೇಕು. ಸ್ಪರ್ಧೆ ಇಪ್ಪತ್ತನಾಲ್ಕಕ್ಕೆ. ಹೆಸರು ಕೊಟ್ಟಾಗಿದೆ.

ಅಮ್ಮ ಕಿಟಕಿಯಿಂದ: “ಬೆಳಗಾಗೋ ಮುಂಚೆನೇ ಶುರು ಹಚ್ಕೊಂಡ್ಯಾ? ಪಕ್ಕದ ಮನೆಯವರು ನನ್ನ ಕಂಡ್ರೆ ಈಗ ನಮಸ್ಕಾರ ಮಾಡಲ್ಲ, ಕಿವಿ ಮುಚ್ಕೋತಾರೆ.”

ಫೆಬ್ರವರಿ 5, ಸಂಜೆ 5

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಒಂದು ಸೈಜ್ ಚಿಕ್ಕದು. ನೀಡಲ್ ಒಂದು ಮನೆ ಕೆಳಗೆ. ರೀಡ್ ವಾಲ್ವಿಗೆ ತೆಳ್ಳನೆಯ ಪಟ್ಟಿ. ಫ್ಲೈವೀಲಿಗೆ ಭಾರದ ಬಳೆ. ನಿನ್ನೆ ಬೆಳಿಗ್ಗೆಯಿಂದ ಇದೇ. ಈಗ ಗಾಡಿ ಬೇಗ ಆಫ್ ಆಗುವುದಿಲ್ಲ, ನಿಜ. ಎಳೆಯುವುದೂ ಇಲ್ಲ.

ಅಂಗಡಿಯಲ್ಲಿ ಸ್ಕೂಟರುಗಳು ಸಾಲಾಗಿ ನಿಂತಿವೆ. ಗಿರಾಕಿಗಳಿಗೆ “ನಾಳೆ” ಎನ್ನುತ್ತಿದ್ದೇನೆ. ಯಾವ ನಾಳೆಯೋ.

ಅಕ್ಕ ಪೋಸ್ಟ್ ಆಫೀಸಿನಿಂದ ನೇರ ಶೆಡ್ಡಿಗೆ ಬಂದಳು. ದಿನವಿಡೀ ಕೌಂಟರಿನಲ್ಲಿ ಪಾರ್ಸಲ್ ತೂಗಿದ ಸೀರೆಯಲ್ಲೇ ಗಾಡಿ ಹತ್ತಿ ಒಂದು ಸುತ್ತು ಹೊಡೆದಳು. ಇಳಿದು ಎಡಗೈಯನ್ನು ನೋಡಿಕೊಂಡಳು.

“ಪರವಾಗಿಲ್ಲ ಕಣೋ. ಮೊದಲಿಗಿಂತ ವಾಸಿ.”

“ಸುಮ್ನೆ ಹೇಳ್ಬೇಡ.”

“ಗಾಡಿ ಸರಿಯಾಗೇ ಇದೆ. ಕೈಗೆ ಧೈರ್ಯ ಬರ್ಬೇಕು, ಅಷ್ಟೆ. ಅವತ್ತೂ ಹೆದರ್ಕೊಂಡು ಥ್ರಾಟಲ್ ಜಾಸ್ತಿ ಕೊಟ್ಟೋಳು ನಾನೇ ತಾನೆ?”

ನಾನು ಬಗ್ಗಿ ಚೈನಿಗೆ ಎಣ್ಣೆ ಬಿಡತೊಡಗಿದೆ. ಬೆಳಿಗ್ಗೆ ಒಮ್ಮೆ ಬಿಟ್ಟಿದ್ದೆ.

ಫೆಬ್ರವರಿ 7, ಮಧ್ಯಾಹ್ನ 1.30

ಆಯ್ತು, ಬರೆದೇ ಬಿಡುತ್ತೇನೆ. ಇದನ್ನು ಯಾರು ಓದುತ್ತಾರೆ?

ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೊರಗೆ ಹೋಗಲು ಒಂದು ಕಿಂಡಿ ಇರುತ್ತದೆ, ಎಕ್ಸಾಸ್ಟ್ ಪೋರ್ಟ್. ಹೋದ ವರ್ಷ ಸ್ಪರ್ಧೆಗೆ ಒಂದು ವಾರ ಮುಂಚೆ ಅದರ ಮೇಲಂಚಿಗೆ ಅರ ಹಾಕಿ ಉಜ್ಜಿದೆ. ಕಿಂಡಿಯನ್ನು ಒಂದೂವರೆ ಮಿಲಿಮೀಟರ್ ಎತ್ತರಿಸಿದೆ. ಎತ್ತರಿಸಿದಷ್ಟೂ ಜೋರಾಗಿ ಓಡುವಾಗ ಇನ್ನೂ ಜೋರು. ನಿಧಾನದಲ್ಲಿ ಮಾತ್ರ ಪಿಸ್ಟನ್ನನ್ನು ಪೂರ್ತಿ ತಳ್ಳುವ ಮೊದಲೇ ಶಕ್ತಿಯೆಲ್ಲ ಹೊರಗೆ ಸೋರಿ ಹೋಗುತ್ತದೆ. ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ನೇರ ದಾರಿಯಲ್ಲಿ ಅಕ್ಕ ಹಿಂದೆ ಬೀಳುವುದನ್ನು ನೋಡಲಾಗುತ್ತಿರಲಿಲ್ಲ. ಗೆದ್ದ ಮೇಲೆ ಹೇಳೋಣ, ಬೆನ್ನು ತಟ್ಟುತ್ತಾಳೆ... ಹೀಗೆಲ್ಲ ಅಂದುಕೊಂಡಿದ್ದೆ. “ಸಿಲಿಂಡರ್ ಮಾತ್ರ ಮುಟ್ಬೇಡ” ಎಂದು ಅವಳು ಹೇಳಿದ್ದಳು. “ಕಾರ್ಬ್ ಕ್ಲೀನ್ ಮಾಡಿದೆ ಅಷ್ಟೇ” ಎಂದಿದ್ದೆ.

ದಿಣ್ಣೆಯ ನಡುವೆ ಬಂಡೆ ತಿರುವಿದೆ. ಅಲ್ಲಿ ನಡಿಗೆಯ ವೇಗದಲ್ಲೇ ಹತ್ತಬೇಕು. ಎಂಜಿನ್ ಸುಸ್ತಾಯಿತು, ಅವಳು ಥ್ರಾಟಲ್ ಕೊಟ್ಟಳು, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಎಲ್ಲವೂ ಒಟ್ಟಿಗೆ ಬಂತು. ಮುಂದಿನ ಚಕ್ರ ಆಕಾಶ ನೋಡಿತು. ಹ್ಯಾಂಡಲ್ ಅವಳ ಕೈಮೇಲೆ.

ಒಂದು ವರ್ಷದಿಂದ ಬಾಯಿ ಬಿಟ್ಟಿಲ್ಲ. ಜೆಟ್ಟು, ಸ್ಪ್ರಾಕೆಟ್ಟು, ಬಳೆ ಎಂದು ಊರೆಲ್ಲ ಸುತ್ತುತ್ತಿದ್ದೇನೆ, ಆ ಕಿಂಡಿಯೊಂದನ್ನು ಬಿಟ್ಟು. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಫೆಬ್ರವರಿ 9, ಬೆಳಿಗ್ಗೆ 11

ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಲೇತ್ ಅಂಗಡಿಯವರ ಹತ್ತಿರ ಹೋದೆ. ಎಲ್ಲರೂ ಅವರನ್ನು ‘ಮೈಕ್ರಾನ್’ ಎನ್ನುತ್ತಾರೆ. ಹಲ್ಲುಜ್ಜುವ ಬ್ರಷ್ಷನ್ನೂ ಅಳೆದೇ ಕೊಳ್ಳುವ ಮನುಷ್ಯ. ಕನ್ನಡಕ ಏರಿಸಿ ಕಿಂಡಿಯೊಳಗೆ ಟಾರ್ಚ್ ಬಿಟ್ಟರು.

“ಇದು ಫ್ಯಾಕ್ಟರಿ ಕೆಲಸ ಅಲ್ವಲ್ಲ. ಯಾವ ಕತ್ತೆ ಮಾಡಿದ್ದು?”

“ಈ ಕತ್ತೆನೇ.”

“ಹಾಳು ಮಾಡೋನು ನೆಟ್ಟಗಾದ್ರೂ ಉಜ್ಜಬಾರದಿತ್ತೇನಪ್ಪಾ? ಎಡಗಡೆ ಸೊಟ್ಟ.”

ಕಡಿದ ಲೋಹವನ್ನು ವಾಪಸ್ ಅಂಟಿಸಲು ಬರುವುದಿಲ್ಲ. ಸಿಲಿಂಡರಿನ ತಳವನ್ನೇ ಒಂದೂವರೆ ಮಿಲಿ ಕಡಿಯಬೇಕು. ಆಗ ಇಡೀ ಸಿಲಿಂಡರ್ ಕೆಳಗೆ ಕೂರುತ್ತದೆ, ಜೊತೆಗೆ ಕಿಂಡಿಯೂ ಇಳಿಯುತ್ತದೆ. ಪಿಸ್ಟನ್ ಮೇಲೆ ಬಡಿಯದ ಹಾಗೆ ಹೆಡ್ಡಿನ ಒಳಗೂ ಅಷ್ಟೇ ತೆಗೆಯಬೇಕು. ಮಾಡಿಕೊಡುತ್ತೇನೆ ಎಂದರು. ಎರಡು ದಿನ.

ಫೆಬ್ರವರಿ 11, ಸಂಜೆ 4.45

ಕೆಲಸ ಕನ್ನಡಿಯ ಹಾಗೆ ಆಗಿದೆ. ಆದರೆ ಮೈಕ್ರಾನ್ ಅಂಗಡಿಯಿಂದ ಚೀಟಿ ಕಟ್ಟದೆ ಯಾವ ಸಾಮಾನೂ ಹೊರಗೆ ಹೋಗುವುದಿಲ್ಲ. ಎಷ್ಟು ತೆಗೆದೆ ಎಂದು ಅವರು ಬರೆಯುತ್ತಾರೆ. ಯಾಕೆ ತೆಗೆಸಿದೆ ಎಂದು ತಂದವನು ಬರೆಯಬೇಕು. ನಾಳೆ ಇನ್ನೊಬ್ಬ ಬಿಚ್ಚಿದಾಗ ಅವನು ತಲೆ ಕೆಡಿಸಿಕೊಳ್ಳಬಾರದು ಅಂತ.

‘ಲೋ-ಎಂಡ್ ಪವರಿಗೆ’, ಅಂದರೆ ನಿಧಾನದ ಎಳೆತಕ್ಕೆ, ಎಂದು ಬರೆದೆ. ಮೈಕ್ರಾನ್ ಓದಿ ಚೀಟಿ ವಾಪಸ್ ಕೊಟ್ಟರು.

“ಅದು ಏನು ಬೇಕು ಅನ್ನೋದು. ಯಾಕೆ ಬೇಕಾಯ್ತು?”

“ಅಷ್ಟು ಸಾಕಾಗಲ್ವಾ?”

“ನನಗೆ ಸಾಕು. ಗಾಡಿ ನನ್ನದಾ?”

ಕಾಲು ಸುಟ್ಟ ಬೆಕ್ಕಿನ ಹಾಗೆ ಲೇತಿನ ಸುತ್ತ ಎರಡು ಸಲ ತಿರುಗಿದೆ. ಕೊನೆಗೆ ಬರೆದೆ: ‘ಹೋದ ವರ್ಷ ನಾನು ಹೇಳದೆ ಕೇಳದೆ ಪೋರ್ಟ್ ಉಜ್ಜಿದ್ದಕ್ಕೆ.’ ಅವರೇ ದಾರದಿಂದ ಕಟ್ಟಿದರು, ಎರಡು ಗಂಟು ಹಾಕಿ.

ಮನೆಯ ಗೇಟಿನ ಹತ್ತಿರ ಆ ಚೀಟಿಯನ್ನು ಬ್ಲೇಡಿನಿಂದ ಕತ್ತರಿಸಿ ಜೇಬಿಗೆ ಹಾಕಿಕೊಂಡೆ.

ಫೆಬ್ರವರಿ 14, ಬೆಳಿಗ್ಗೆ 8

ಇನ್ನೂ ಜೋಡಿಸಿಲ್ಲ. ಸಿಲಿಂಡರ್ ಬೆಂಚಿನ ಮೇಲಿದೆ. ಒರೆಸುತ್ತೇನೆ, ಇಡುತ್ತೇನೆ. ಒರೆಸುತ್ತೇನೆ.

ಅದೇ ದಿನ, ಮಧ್ಯಾಹ್ನ 2

ಊಟದ ಹೊತ್ತಿಗೆ ಅಕ್ಕ ಬಂದು ಬಾಗಿಲಿಗೆ ಒರಗಿ ನಿಂತಳು.

“ಹೆಸರು ವಾಪಸ್ ತಗೊಳ್ತೀನಿ ಕಣೋ. ಸುಮ್ನೆ ನಿನಗೂ ಒದ್ದಾಟ. ಗಾಡಿನ ಯಾರಿಗಾದ್ರೂ ಕೊಟ್ಬಿಡು.”

“ಯಾಕೆ?”

“ಆ ತಿರುವು ಕಣ್ಮುಂದೆ ಬಂದ್ರೆ ಥ್ರಾಟಲ್ ಬಿಟ್ಬಿಡ್ತೀನಿ. ಇಪ್ಪತ್ತು ವರ್ಷ ಓಡಿಸಿ, ಹೊಸಬರು ಮಾಡೋ ತಪ್ಪು ಮಾಡ್ದೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ, ಇನ್ನೇನು ಓಡಿಸ್ಲಿ?”

ಸುಮ್ಮನಿದ್ದಿದ್ದರೆ ಎಲ್ಲ ಮುಗಿದು ಹೋಗುತ್ತಿತ್ತು. ಗಾಡಿ ಹೋಗುತ್ತಿತ್ತು, ಕಿಂಡಿ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ತಲೆಗೆ ಬಂದದ್ದೂ ನಿಜ.

“ನೀನು ತಪ್ಪು ಮಾಡ್ಲಿಲ್ಲ ಅಕ್ಕ. ನಾನು ಮಾಡಿದ್ದು.” ಚೀಟಿ ತೆಗೆದು ಕೊಟ್ಟೆ.

ಓದಿದಳು. ಮತ್ತೆ ಓದಿದಳು. ಸಿಲಿಂಡರ್ ಎತ್ತಿ ಕಿಂಡಿಯೊಳಗೆ ಬೆರಳಾಡಿಸಿದಳು, ಮಡಚದ ಬೆರಳನ್ನೇ.

“ಎಷ್ಟು?”

“ಒಂದೂವರೆ ಮಿಲಿ.”

“ಆಸ್ಪತ್ರೆಲಿ ನನ್ನ ಪಕ್ಕದಲ್ಲೇ ಕೂತಿದ್ದೆ. ಹನ್ನೊಂದು ದಿನ.”

“ಹೂಂ.”

“ನಾನು ನನ್ನನ್ನೇ ಬೈಕೊಳ್ತಿದ್ದೆ. ನೀನು ಕಿತ್ತಳೆ ಸುಲಿದು ಕೊಡ್ತಿದ್ದೆ.”

ಅವಳು ಕೂಗಿದ್ದರೆ ಚೆನ್ನಾಗಿತ್ತು. ಕೈ ಚಾಚಿ, “ಶೆಡ್ಡಿನ ಕೀ ಕೊಡು” ಎಂದಳು. ಕೊಟ್ಟೆ. “ಇನ್ಮೇಲೆ ಇದಕ್ಕೆ ಕೈ ಹಾಕಬೇಡ.”

ಫೆಬ್ರವರಿ 20, ಬೆಳಿಗ್ಗೆ 7

ಆರು ದಿನ. ನನ್ನ ಜೊತೆ ಮಾತಿಲ್ಲ. ರಜೆ ಹಾಕಿ ಶೆಡ್ಡಿನಲ್ಲೇ ಇದ್ದಾಳೆ. ತಾನೇ ಜೋಡಿಸುತ್ತಿದ್ದಾಳಂತೆ. ಹೆಸರು ವಾಪಸ್ ತೆಗೆದುಕೊಂಡಿಲ್ಲ. ಸುದ್ದಿಯೆಲ್ಲ ಅಮ್ಮನಿಂದ.

“ನಟ್ಟು ಕೆಳಗೆ ಬಿದ್ರೆ ಅವಳು ಬೈಯೋದು ನಟ್ಟನ್ನ ಅನ್ಕೊಂಡಿದ್ದೆ. ಕೇಳಿದ್ರೆ ಹೆಸರು ನಿಂದು.”

“ಊಟ ಮಾಡಿದ್ಳಾ?”

“ಅವಳು ಮಾಡಿದ್ಳು. ನಿಂದು ಹೇಳು. ಏನು ಮಾಡ್ದೆ ಅಂತ ಇಬ್ರೂ ಹೇಳಲ್ಲ. ನಾನೇನು ಈ ಮನೇಲಿ ಬಾಡಿಗೆಗೆ ಇದ್ದೀನಾ?”

ಅಮ್ಮನಿಗೂ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

ಫೆಬ್ರವರಿ 22, ಸಂಜೆ 5.30

ಸ್ಟಾರ್ಟ್ ಆಯ್ತು! ಗೋಡೆಯಾಚೆಯಿಂದ ಕೇಳಿದೆ. ಮೂರನೇ ಕಿಕ್ಕಿಗೆ. ಹಳೆಯ ಸದ್ದಲ್ಲ, ಅದಕ್ಕಿಂತ ದಪ್ಪ. ಏರು ಹತ್ತಿಸಿದಳು, ಸದ್ದು ಮುರಿಯಲಿಲ್ಲ. ಓಡಿ ಹೋಗಿ ನೋಡಬೇಕು ಅನ್ನಿಸಿತು. ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಅಂಗಡಿಯಲ್ಲಿ ಮೂರು ಸ್ಕೂಟರ್ ಮುಗಿಸಿದೆ. ಒಂದಕ್ಕೆ ಬ್ರೇಕ್ ಕೇಬಲ್ ತಿರುವುಮುರುವು ಹಾಕಿ ಮತ್ತೆ ಬಿಚ್ಚಿದೆ.

ಫೆಬ್ರವರಿ 24, ಬೆಳಿಗ್ಗೆ 10.50, ದಿಣ್ಣೆಯ ಮೇಲೆ

ಬೆಳಿಗ್ಗೆ ಬಸ್ಸಿನಲ್ಲಿ ಬಂದೆ. ಅವಳ ಕಣ್ಣಿಗೆ ಬೀಳಬಾರದು ಎಂದು ಜನರ ಹಿಂದೆ ನಿಂತಿದ್ದೆ. ಅವಳ ನಂಬರ್ ಮೂವತ್ತೊಂದು. ಹದಿನೆಂಟನೆಯವನು ಹೊರಟಾಗ ಜನರನ್ನು ಸರಿಸಿಕೊಂಡು ನನ್ನೆದುರೇ ಬಂದಳು. ಪ್ರಾಕ್ಟೀಸ್ ಸುತ್ತು ಮುಗಿಸಿದ್ದಳು, ಮುಖವೆಲ್ಲ ಧೂಳು. ಅಂಗೈಯಲ್ಲಿ ಬಿಚ್ಚಿದ ಸ್ಪಾರ್ಕ್ ಪ್ಲಗ್.

“ಬಣ್ಣ ನೋಡಿ ಹೇಳು. ಸುಳ್ಳು ಹೇಳ್ಬೇಡ.”

ತುದಿ ಬೆಳ್ಳಗಿತ್ತು. ಕಂದು ಇರಬೇಕಿತ್ತು. ಪೆಟ್ರೋಲ್ ಸಾಲುತ್ತಿಲ್ಲ. ಹೀಗೇ ಪೂರ್ತಿ ಹತ್ತಿದರೆ ಮೇಲಿನ ನೇರ ದಾರಿಯಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಚೆನ್ನಾಗಿದೆ ಎಂದು ಹೇಳಿಬಿಡುವ ಆಸೆಯಾಯಿತು. ಅವಳು ಅಷ್ಟು ಕಷ್ಟಪಟ್ಟು ಜೋಡಿಸಿದ್ದಳು.

“ಸರಿ ಇಲ್ಲ ಅಕ್ಕ. ಸೀಜ್ ಆಗತ್ತೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಬೇಕು.”

ಪ್ಲಗ್ಗನ್ನು ಬಿಸಿಲಿಗೆ ಹಿಡಿದು ತಾನೂ ನೋಡಿದಳು. ಹತ್ತೊಂಬತ್ತನೆಯವನು ಹೊರಟ ಸದ್ದು ಬಂತು.

“ಹಾಕು” ಎಂದು ಜೆಟ್ಟಿನ ಡಬ್ಬಿ, ಸ್ಪ್ಯಾನರ್ ಚಾಚಿದಳು.

ಒಂಬತ್ತು ನಿಮಿಷ. ಕಾರ್ಬಿನ ಸ್ಕ್ರೂ ಎರಡು ಸಲ ಬಿತ್ತು. ಅವಳೇ ಹೆಕ್ಕಿ ಕೊಟ್ಟಳು. ಮುಗಿದಾಗ ಥ್ಯಾಂಕ್ಸ್ ಹೇಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. “ತಿರುವಿನ ಹತ್ರ ನಿಂತ್ಕೋ” ಎಂದಳು, ಹೆಲ್ಮೆಟ್ ಹಾಕಿಕೊಂಡು ಹೋದಳು.

ನಿಂತಿದ್ದೇನೆ. ಬಂಡೆ ಐದು ಹೆಜ್ಜೆ ದೂರ. ಸುಮ್ಮನೆ ನಿಲ್ಲಲಾಗದೆ ಬರೆಯುತ್ತಿದ್ದೇನೆ. ಇಪ್ಪತ್ತೊಂಬತ್ತು ಹೋದ. ಮೂವತ್ತು ಜಾರಿ, ಎದ್ದು ಹೋದ.

ಅವಳ ಗಾಡಿಯ ಸದ್ದು. ಏರುತ್ತಿಲ್ಲ, ಕಿರುಚುತ್ತಿಲ್ಲ, ತಳದಿಂದಲೇ ಎಳೆಯುತ್ತಿದೆ. ಹೆಲ್ಮೆಟ್ ಕಾಣಿಸಿತು. ಬಂಡೆಗೆ ಬಂದಳು. ಕ್ಲಚ್ ಮೇಲೆ ಬೆರಳೇ ಇಟ್ಟಿಲ್ಲ, ತಿರುವು ದಾಟಿದಳು, ಅಕ್ಕ ದಾಟಿದ—