ನಾಲ್ಕು ಹೆಂಗಸರ ಲಾಂಛನ

ಕಾಪು,
ಅಕ್ಟೋಬರ್ 14, 2024

ಮುದ್ದಿನ ಮಗಳು ಹರ್ಷಿಣಿಗೆ,

ಹೇಗಿದ್ದಿ? ಕೆಮ್ಮು ಕಡಿಮೆಯಾಯಿತಾ? ಕಾರ್ಕಳದಲ್ಲಿ ನಿನ್ನ ಗೆಳತಿ ಡಿಂಪಲ್ ಮನೆಯವರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆಂದು ಅಜ್ಜಿ ಹೇಳಿದರು. ನನ್ನ ಫೋನು ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಇಲ್ಲಿ ಅಜ್ಜಿ ಆರಾಮ. ಮೊಣಕಾಲು ನೋವಿದ್ದರೂ ಮೀನಿನ ಬುಟ್ಟಿ ಮಾತ್ರ ಬಿಡುವುದಿಲ್ಲ.

ಮಣಿಪಾಲದ ಆ ಪ್ರದರ್ಶನದ ದಿನವನ್ನು ನೆನೆದರೆ ಊಟ ಸೇರುವುದಿಲ್ಲ ಮಗಾ. ನೀನು ಕರೆದಿದ್ದಿ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದೆ. ಬಾಗಿಲ ಎದುರಿಗೇ ನಿನ್ನ ದೊಡ್ಡ ಚಿತ್ರ. ರಾಷ್ಟ್ರಲಾಂಛನದಲ್ಲಿ ಸಿಂಹಗಳಿರುವ ಕಡೆ ಮೀನು ಮಾರುವ ನಾಲ್ವರು ಹೆಂಗಸರು, ಬೆನ್ನಿಗೆ ಬೆನ್ನು ಕೊಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದರು. ಕೆಳಗೆ ಧ್ಯೇಯವಾಕ್ಯದ ಜಾಗದಲ್ಲಿ ‘ನಮಗೆ ನೆರಳು ಎಲ್ಲಿ ಉಂಟು?’ ಎಂದು ಬರೆದಿದ್ದಿ. ಎದುರಿನ ಮುಖ ಅಜ್ಜಿಯದು. ಬಿಸಿಲಿಗೆ ಅವರು ಕಣ್ಣು ಕಿರಿದು ಮಾಡುವುದು ಸಹ ಹಾಗೇ. ನಿಜ ಹೇಳುತ್ತೇನೆ, ನನಗೆ ಎದೆ ತುಂಬಿತ್ತು. ಅಷ್ಟರಲ್ಲಿ ಏಳೆಂಟು ಜನ ಬೊಬ್ಬೆ ಹಾಕುತ್ತಾ ನುಗ್ಗಿದರು. ದೇಶಕ್ಕೆ ಅವಮಾನವಂತೆ. ಒಬ್ಬ ನನ್ನ ಹತ್ತಿರ ಬಂದು, “ಇದು ಮಾಡಿದ್ದು ನಿಮ್ಮ ಮಗಳಾ?” ಎಂದು ಕೇಳಿದ. “ಅಲ್ಲ ಮಾರಾಯ, ನನಗೆ ಇಲ್ಲಿ ಯಾರೂ ಗುರ್ತ ಇಲ್ಲ. ಸುಮ್ಮನೆ ನೋಡ್ಲಿಕ್ಕೆ ಬಂದದ್ದು” ಎಂದೆ. ನೀನು ಅಲ್ಲೇ ಮೂರು ಮಾರು ದೂರದಲ್ಲಿದ್ದಿ. ಅವರು ಚಿತ್ರ ಕೆಳಗಿಳಿಸುವಾಗ ನೀನೊಬ್ಬಳೇ ಅದರ ಅಂಚು ಹಿಡಿದುಕೊಂಡಿದ್ದಿ. ನಾನು ಮೆಟ್ಟಿಲಿಳಿದು ಬಸ್ಸು ಹತ್ತಿದೆ. ಒಂದೇ ಮಾತಿನಲ್ಲಿ ಮಗಳನ್ನೂ, ಚಿತ್ರದಲ್ಲಿದ್ದ ನನ್ನ ಹೆತ್ತ ತಾಯಿಯನ್ನೂ ಗುರ್ತ ಇಲ್ಲವೆಂದವ ನಾನು.

ಅಜ್ಜಿಗೆ ನಿನ್ನೆ ಇದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. “ನನ್ನ ಮುಖ ಸರಿ ಬಂದಿತ್ತಾ?” ಎಂದು ಮಾತ್ರ ಕೇಳಿದರು.

ಡಿಂಪಲ್‌ಗೂ ಅವಳ ತಾಯಿಗೂ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನ ಕೈಯನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಕರುಣಾಕರ

ವಿ.ಸೂ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನ ಮೇಲೆ ಠಾಣೆಗೆ ಹೋದ ದೂರಿನಲ್ಲಿ ನನ್ನ ಸಹಿಯೂ ಉಂಟು. ಮರುದಿನ ನೆರೆಮನೆಯ ಗುಣಪಾಲ ಕಾಗದ ತಂದು, “ನೀವೇ ಹಾಕದಿದ್ರೆ ಜನ ಎಂತ ಹೇಳಿಯಾರು?” ಎಂದ, ಹಾಕಿದೆ. ಇವತ್ತು ಠಾಣೆಗೆ ಹೋಗಿ, ನಾನು ಅವಳ ತಂದೆ, ನನ್ನ ಸಹಿ ಹಿಂದೆ ತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಟ್ಟೆ. ನಿನ್ನನ್ನು ವಿಚಾರಣೆಗೆ ಕರೆಸಿದ ದಿನವೇ ಸಹಿ ಹಾಕಿದವರ ಹೆಸರುಗಳನ್ನೆಲ್ಲ ನಿನಗೆ ಓದಿ ಹೇಳಿದ್ದರಂತೆ ಅಲ್ಲಿಯ ಪೊಲೀಸರು. ಹಾಗಾದರೆ ಇಷ್ಟು ದಿನ ನಿನಗೆ ಗೊತ್ತಿತ್ತು. ದಿನಾ ಸಂಜೆ ಅಜ್ಜಿಯೊಂದಿಗೆ ಮಾತಾಡುವಾಗಲೂ ನೀನು ಅದರ ಬಗ್ಗೆ ಬಾಯಿ ಬಿಡಲಿಲ್ಲ.